ಡ್ರೈನ್ ಹಾಕುವಾಗ ಕರುಳಿಗೆ ಚುಚ್ಚಿದರೆ: ಸೂಜಿ ತೂತು ಬೇರೆ, ಕ್ಯಾತಿಟರ್ ತೂತು ಬೇರೆ

ಹೊಟ್ಟೆಯಲ್ಲಿ ಕಟ್ಟಿಕೊಂಡ ಕೀವಿಗೆ ಡ್ರೈನ್ (ಕೀವನ್ನು ಹೊರಗೆ ಹರಿಸುವ ಕೊಳವೆ) ಹಾಕುವಾಗ ಕರುಳಿಗೆ ಚುಚ್ಚಿದರೆ ಅಪಾಯವೇ? ಉತ್ತರ ಹೇಳುವ ಮೊದಲು, ಚುಚ್ಚಿದ್ದು ಏನು ಅಂತ ಕೇಳಿ.

22 ಗೇಜ್ ಸೂಜಿಯ ದಪ್ಪ ಸುಮಾರು 0.7 ಮಿ.ಮೀ. ಡ್ರೈನ್ ಆಗಿ ಒಳಗೆ ಉಳಿಯುವ ಕೊಳವೆಯೇ ಕ್ಯಾತಿಟರ್, ಅದರ ದಪ್ಪದ ಅಳತೆ ಫ್ರೆಂಚ್ ಎಂಬ ಮಾನದಲ್ಲಿ. 3 ಫ್ರೆಂಚ್ ಅಂದರೆ 1 ಮಿ.ಮೀ. ಹಾಗಾಗಿ 12 ಫ್ರೆಂಚ್ ಕ್ಯಾತಿಟರ್ 4 ಮಿ.ಮೀ. ದಪ್ಪ. ತೂತಿನ ವಿಸ್ತೀರ್ಣ ಲೆಕ್ಕ ಹಾಕಿ, ಸುಮಾರು 30 ಪಟ್ಟು! ಸಣ್ಣ ಕರುಳಿಗೆ ತೆಳು ಸೂಜಿ ತಾಗಿದರೆ ಗೋಡೆಯ ಸ್ನಾಯು ಬಿಗಿದು ತೂತು ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ. ದೊಡ್ಡ ಕರುಳಲ್ಲಿ ಬ್ಯಾಕ್ಟೀರಿಯಾ ಜಾಸ್ತಿ, ಅಲ್ಲಿ ಇಷ್ಟು ನಿರಾಳ ಬೇಡ. ಇನ್ನೊಂದು ತೊಂದರೆಯೂ ಇದೆ. ಸೋಂಕಿಲ್ಲದ ದ್ರವದೊಳಕ್ಕೆ ಕರುಳಿನ ಮೂಲಕ ಸೂಜಿ ಹೋದರೆ, ಸೋಂಕನ್ನು ನಾವೇ ಹೊತ್ತುಕೊಂಡು ಹೋದಂತೆ. ದ್ರವದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಕಲ್ಚರ್ ವರದಿಯೂ ದಾರಿ ತಪ್ಪಿಸಬಹುದು.

ಡ್ರೈನ್ ಹಾಕಲು ಎರಡು ವಿಧಾನಗಳಿವೆ. ಸೆಲ್ಡಿಂಗರ್ ವಿಧಾನದಲ್ಲಿ ಮೊದಲು ಸೂಜಿ, ಆಮೇಲೆ ಗೈಡ್‌ವೈರ್ (ದಾರಿ ತೋರುವ ತೆಳು ತಂತಿ), ಡೈಲೇಟರ್ (ದಾರಿ ಅಗಲಿಸುವ ಸಾಧನ), ಕೊನೆಗೆ ಕ್ಯಾತಿಟರ್. ಡೈಲೇಟರ್ ಹಾಕುವ ಮುಂಚೆ ತಪ್ಪು ಗೊತ್ತಾದರೆ ಸೂಜಿ ತೆಗೆದು ಬೇರೆ ದಾರಿ ಹುಡುಕಬಹುದು. ಟ್ರೋಕಾರ್ ವಿಧಾನದಲ್ಲಿ ಚೂಪು ಸರಳಿನ ಮೇಲೆ ಕೂರಿಸಿದ ಕ್ಯಾತಿಟರ್ ಒಂದೇ ಸಲ ಒಳಗೆ ಹೋಗುವುದರಿಂದ ಆ ಬಿಡುವು ಸಿಗುವುದಿಲ್ಲ.

ಕ್ಯಾತಿಟರೇ ಕರುಳನ್ನು ತೂರಿ ಹೋಗಿದ್ದರೆ? ಗಾಬರಿಯಲ್ಲಿ ಎಳೆದುಬಿಡಬೇಡಿ! ನನಗೆ ಇದು ಮೊದಮೊದಲು ವಿಚಿತ್ರ ಅನ್ನಿಸಿತ್ತು. ಆದರೆ ತೂತಿಗೆ ಬಿರಡೆಯಾಗಿ ನಿಂತಿರುವುದು ಅದೇ ಕ್ಯಾತಿಟರ್. ಎಳೆದರೆ ಕರುಳಿನ ರಸ ಹೊಟ್ಟೆಯೊಳಗೆ ಸೋರಬಹುದು. ರೋಗಿ ಸ್ಥಿರವಾಗಿದ್ದರೆ ಕೆಲವು ವಾರ ಬಿಡುತ್ತಾರೆ. ಅಷ್ಟರಲ್ಲಿ ಕ್ಯಾತಿಟರ್ ಸುತ್ತ ಅಂಗಾಂಶದ ಗಟ್ಟಿ ದಾರಿ ಕಟ್ಟಿಕೊಳ್ಳುತ್ತದೆ. ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಹಾಕಿ ನೋಡಿ, ನಂತರ ಹೊರಗೆ ತೆಗೆಯುತ್ತಾರೆ. ಕೀವು ಇನ್ನೂ ಅಲ್ಲೇ ಇದ್ದರೆ ಬೇರೆ ದಾರಿಯಲ್ಲಿ ಎರಡನೇ ಡ್ರೈನ್ ಬೇಕಾಗಬಹುದು. ಹೊಟ್ಟೆ ಹಲಗೆಯಂತೆ ಬಿಗಿದು, ಜ್ವರ ಏರಿ, ಬಿಪಿ ಇಳಿಯುತ್ತಿದ್ದರೆ ಕಾಯುವ ಮಾತೇ ಇಲ್ಲ, ಸರ್ಜನ್ ಅನ್ನು ಕರೆಯಬೇಕು.

ಡ್ರೈನ್‌ನಲ್ಲಿ ಪಿತ್ತದ ಬಣ್ಣ ಅಥವಾ ಮಲದಂಥ ದ್ರವ ಬಂದರೆ ಅನುಮಾನ ಸಹಜ. ಆದರೆ ಕೀವು ಕಟ್ಟಿದ್ದೇ ಕರುಳು ಸೋರಿದ್ದರಿಂದ ಇರಬಹುದು, ಅಲ್ವಾ? ಕ್ಯಾತಿಟರ್ ಎಲ್ಲಿ ಹಾದುಹೋಗಿದೆ ಅಂತ ಸಿಟಿ ಸ್ಕ್ಯಾನ್‌ನಲ್ಲಿ ನೋಡದೆ ಅದರ ಮೇಲೆ ತಪ್ಪು ಹೊರಿಸಬೇಡಿ.

ತಡೆಯುವುದು ಹೇಗೆ ಅಂದರೆ, ಹಳೆ ಆಪರೇಷನ್ ಗಾಯದ ಗುರುತಿನ ಹತ್ತಿರ ಚುಚ್ಚಬೇಡಿ. ಅಲ್ಲಿ ಕರುಳು ಅಂಟಿಕೊಂಡಿದ್ದರೆ ಸೂಜಿ ಬಂದಾಗ ಜಾರಿ ಪಕ್ಕಕ್ಕೆ ಸರಿಯುವುದಿಲ್ಲ. ರೋಗಿಯನ್ನು ಮಗ್ಗುಲು ತಿರುಗಿಸಿದರೆ ಕೆಲವೊಮ್ಮೆ ದಾರಿ ತೆರೆದುಕೊಳ್ಳುತ್ತದೆ. ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ಸ್ವಲ್ಪ ಹೊತ್ತು ಸುಮ್ನೆ ನೋಡಿ. ಹುಳುವಿನಂತೆ ಹೊರಳಿದರೆ ಅದು ಕರುಳು. ಹೊರಳದಿದ್ದರೆ ಕೀವು ಅಂತ ತೀರ್ಮಾನಿಸಬೇಡಿ. ಕಾಯಿಲೆಯಲ್ಲಿ ಕರುಳೂ ಸ್ತಬ್ಧವಾಗಿರಬಹುದು.