ಶಿವರಾತ್ರಿ ಕಳೆದ ಮೇಲೆ ಹಕ್ಕಿ ನೋಡಲು ಹೊರಟರೆ ತಡವಾಯಿತೇ?

ಓದುಗರ ಪ್ರಶ್ನೆ: ಡಿಸೆಂಬರ್, ಜನವರಿಯಲ್ಲಿ ಬಿಡುವೇ ಆಗಲಿಲ್ಲ. ಈಗ ಬಿಸಿಲು ಏರುತ್ತಿದೆ. ವಲಸೆ ಹಕ್ಕಿಗಳೆಲ್ಲ ಹೊರಟುಹೋಗಿರುತ್ತವಾ? ಶಿವರಾತ್ರಿಯಿಂದ ಯುಗಾದಿಯೊಳಗೆ ಕರ್ನಾಟಕದಲ್ಲಿ ಎಲ್ಲಿಗೆ ಹೋದರೆ ಏನು ಕಾಣಬಹುದು?

ಉತ್ತರ: ಪಟ್ಟೆತಲೆ ಹೆಬ್ಬಾತನ್ನೇ ನೋಡಬೇಕೆಂದಿದ್ದರೆ ಇವತ್ತೇ ಹೊರಡಿ. ಉಳಿದದ್ದಕ್ಕೆ ತಡವಾಗಿಲ್ಲ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋದರೂ ಚಳಿಗಾಲದ ಅತಿಥಿಗಳು ಒಂದೇ ದಿನ ಗಂಟುಮೂಟೆ ಕಟ್ಟುವುದಿಲ್ಲ. ಅವು ಹೊರಡುವುದಕ್ಕೂ ಒಂದು ಸರದಿ ಇದೆ. ಅತ್ತ ಅವು ಜಾಗ ಖಾಲಿ ಮಾಡುವಷ್ಟರಲ್ಲಿ ಇತ್ತ ನಮ್ಮೂರ ಹಕ್ಕಿಗಳ ಹಾಡು, ಗೂಡು, ಜಗಳ ಶುರುವಾಗಿರುತ್ತದೆ. ಎರಡೂ ಒಟ್ಟಿಗೆ ಸಿಗುವುದು ಈ ನಾಲ್ಕೈದು ವಾರಗಳಲ್ಲೇ. ಆದರೆ ಜಾಗ ತಪ್ಪಿದರೆ ಖಾಲಿ ಮರ ನೋಡಿಕೊಂಡು ಬರಬೇಕಾಗುತ್ತದೆ.

ಮೊದಲು ಹೊರಡುವುದು ಹೆಬ್ಬಾತು. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ ಇರುವ ಈ ಬಾತು ಸಂತಾನಕ್ಕೆ ಹೋಗುವುದು ಲಡಾಖ್, ಟಿಬೆಟ್, ಮಂಗೋಲಿಯಾದ ಎತ್ತರದ ಸರೋವರಗಳಿಗೆ. ನಮ್ಮಲ್ಲಿ ಇದನ್ನು ನೋಡಲು ಹೆಸರಾದ ಎರಡು ಜಾಗ ಮೈಸೂರಿನ ಬಳಿಯ ಹದಿನಾರು ಎಂಬ ಊರಿನ ಕೆರೆ ಮತ್ತು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಫೋನಿನ ಮ್ಯಾಪ್‌ನಲ್ಲಿ ಬರೀ ‘ಮಾಗಡಿ’ ಎಂದು ಹಾಕಿದರೆ ಅದು ಬೆಂಗಳೂರಿನ ಪಕ್ಕದ ಮಾಗಡಿಗೆ ಕರೆದೊಯ್ಯುತ್ತದೆ. ಗದಗ–ಲಕ್ಷ್ಮೇಶ್ವರ ರಸ್ತೆ ಎಂದು ಹುಡುಕಿ. ಸುಮಾರು 54 ಹೆಕ್ಟೇರಿನ ಈ ಕೆರೆಗೆ 2024ರಲ್ಲಿ ರಾಮ್ಸರ್ ಪಟ್ಟ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ಮಾನ್ಯತೆ, ಸಿಕ್ಕಿತು. ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಗೂ ಅದೇ ವರ್ಷ ಅದು ಬಂತು.

ಹೆಬ್ಬಾತುಗಳು ಸಂಜೆ ಕೆರೆಯಿಂದೆದ್ದು ಸುತ್ತಲ ಹೊಲಗಳಿಗೆ ಮೇಯಲು ಹೋಗುತ್ತವೆ, ಬೆಳಿಗ್ಗೆ ಗುಂಪುಗುಂಪಾಗಿ ನೀರಿಗೆ ವಾಪಸ್ಸು. ನೀರಿನ ಮೇಲೆ ನಿದ್ದೆಗೆ ಬಿದ್ದ ಬಾತನ್ನು ಮಧ್ಯಾಹ್ನ ಹೋಗಿ ನೋಡುವುದರಲ್ಲಿ ಸ್ವಾರಸ್ಯವಿಲ್ಲ. ಇಳಿಯುವ ಹೊತ್ತಿಗೆ ಏರಿಯ ಮೇಲಿರಬೇಕು, ಸೂರ್ಯ ಬೆನ್ನಿಗಿರಬೇಕು. ಇಳಿದವುಗಳ ಕತ್ತನ್ನು ಒಂದೊಂದಾಗಿ ನೋಡಿ. ಮಂಗೋಲಿಯಾದಲ್ಲಿ ಸಂಶೋಧಕರು ಗುರುತಿಗೆಂದು ಕತ್ತುಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಕಂಡರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ–ಅಂಕಿ, ಕೆರೆಯ ಹೆಸರು, ದಿನಾಂಕ ಇಷ್ಟನ್ನು ಬರೆದುಕೊಳ್ಳಿ. ಮಸುಕಾದರೂ ಸರಿ, ಒಂದು ಫೋಟೊ ಇರಲಿ. ದೂರದಿಂದ ಓದುವಾಗ ಅಕ್ಷರ ತಪ್ಪುವುದು ತೀರ ಮಾಮೂಲು.

ಹೆಬ್ಬಾತಿನ ಹಿಂದೆಯೇ ಸೂಜಿಬಾಲದ ಬಾತು. ಬಿಳಿಹುಬ್ಬಿನ ಬಾತು ಇನ್ನೂ ಕೆಲವು ವಾರ ಇರುತ್ತದೆ. ಗದ್ದೆ ಗೊರವ, ಕುಂಡೆಕುಸ್ಕ, ಕವಲುತೋಕೆಗಳಿಗೆ ಏಪ್ರಿಲ್‌ವರೆಗೂ ಅವಸರವಿಲ್ಲ. ಬೇಲಿಯ ಲಂಟಾನದೊಳಗೆ ಮುಖ ತೋರಿಸದೆ ‘ಟಕ್, ಟಕ್’ ಎನ್ನುತ್ತ ಓಡಾಡುವ ಕಂದು ಉಲಿಯಕ್ಕಿಯೂ ಹಾಗೆಯೇ. ನವರಂಗ ಮುಂಜಾನೆ, ಮುಸ್ಸಂಜೆ ಎರಡೆಳೆಯ ಸಿಳ್ಳೆ ಹೊಡೆದು ತಾನಿನ್ನೂ ಇಲ್ಲೇ ಇದ್ದೇನೆಂದು ಹೇಳುತ್ತಿರುತ್ತದೆ.

ತಡವಾಗಿ ಹೋದವರಿಗೆ ಒಂದು ಲಾಭವೂ ಇದೆ. ಹೊರಡುವ ಮುಂಚೆ ಎಷ್ಟೋ ಹಕ್ಕಿಗಳು ಬಣ್ಣ ಬದಲಿಸುತ್ತವೆ. ಡಿಸೆಂಬರ್‌ನಲ್ಲಿ ಕಣ್ಣಿನ ಹಿಂದೆ ಬರೀ ಒಂದು ಮಚ್ಚೆ ಇಟ್ಟುಕೊಂಡಿದ್ದ ಕಡಲ ಹಕ್ಕಿ ಬ್ರೌನ್‌ಹೆಡೆಡ್ ಗಲ್‌ಗೆ ಮಾರ್ಚ್ ಹೊತ್ತಿಗೆ ಕಾಫಿ ಬಣ್ಣದ ಟೋಪಿ ಬಂದಿರುತ್ತದೆ, ಪಲ್ಲಾಸ್ ಗಲ್‌ನ ತಲೆ ಅಚ್ಚಗಪ್ಪಾಗಿರುತ್ತದೆ. ಬೂದು ಬಣ್ಣದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತಿದ್ದ ದಡದ ಪುಟ್ಟ ಹಕ್ಕಿ ಸ್ಯಾಂಡ್ ಪ್ಲೋವರ್‌ಗಳ ಎದೆಗೆ ಇಟ್ಟಿಗೆ ಕೆಂಪು ಹತ್ತುತ್ತದೆ. ಗುರುತಿಸುವುದನ್ನು ಕಲಿಯುವವರಿಗೆ ಜನವರಿಗಿಂತ ಮಾರ್ಚ್ ಸುಲಭ ಎಂದೇ ನಮ್ಮ ಅಭಿಪ್ರಾಯ. ಇದಕ್ಕೆ ಕುಮಟಾ ಬಳಿಯ ಅಘನಾಶಿನಿ ಅಳಿವೆ ಒಳ್ಳೆಯ ಜಾಗ. ಅಲ್ಲಿ ಗಡಿಯಾರಕ್ಕಿಂತ ಉಬ್ಬರ ಮುಖ್ಯ. ಇಳಿತದಲ್ಲಿ ಹೋದರೆ ಹಕ್ಕಿಗಳು ಅರ್ಧ ಮೈಲಿ ದೂರದ ಕೆಸರಿನಲ್ಲಿ ಚುಕ್ಕೆಗಳಂತೆ ಕಾಣುತ್ತವೆ. ಭರತಕ್ಕೆ ಎರಡು ಗಂಟೆ ಮುಂಚೆ ದಡದಲ್ಲಿ ಕುಳಿತರೆ ಏರುವ ನೀರೇ ಅವನ್ನು ನಿಮ್ಮತ್ತ ತಳ್ಳಿಕೊಂಡು ಬರುತ್ತದೆ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ನಿನ್ನೆ ಹೋದವರು ಹೇಳಿದ ಸಮಯ ನಿಮಗೆ ಆಗುವುದಿಲ್ಲ.

ಗೂಡು ನೋಡಬೇಕೆಂದರೆ

ಇಲ್ಲೇ ಹೆಚ್ಚು ಜನ ಮೋಸಹೋಗುವುದು. ‘ಪಕ್ಷಿಧಾಮ’ ಎಂಬ ಬೋರ್ಡಿದ್ದ ಮಾತ್ರಕ್ಕೆ ವರ್ಷವಿಡೀ ಹಕ್ಕಿ ಇರುವುದಿಲ್ಲ. ಸೊರಬದ ಗುಡವಿ ಮತ್ತು ತೀರ್ಥಹಳ್ಳಿ ರಸ್ತೆಯ ಮಂಡಗದ್ದೆ ಮಳೆಗಾಲದ ಗೂಡುತಾಣಗಳು. ಅಲ್ಲಿ ಸಂಸಾರ ಹೂಡುವುದು ಮುಂಗಾರು ಬಿದ್ದ ಮೇಲೆ. ಮಾರ್ಚ್‌ನಲ್ಲಿ ಮಂಡಗದ್ದೆಗೆ ಹೋದರೆ ತುಂಗೆಯನ್ನು ನೋಡಿ ಬರಬಹುದು, ಅಷ್ಟೇ. ಬಯಲುಸೀಮೆ ಮತ್ತು ಕಾವೇರಿ ಕಡೆಯವು ಇದಕ್ಕೆ ತದ್ವಿರುದ್ಧ. ಕೊಕ್ಕರೆ ಬೆಳ್ಳೂರು, ರಂಗನತಿಟ್ಟು, ಶಿರಾ ಹತ್ತಿರದ ಕಗ್ಗಲಡು ಈಗ ತುಂಬಿರುತ್ತವೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಬೆಂಗಳೂರಿನಿಂದ 80 ಕಿ.ಮೀ.ಗಿಂತ ತುಸು ಹೆಚ್ಚು ದೂರ. ಎಕ್ಸ್‌ಪ್ರೆಸ್ ದಾರಿ ಹಿಡಿದು ನೆಟ್ಟಗೆ ಹೋದರೆ ತಿರುವು ತಪ್ಪುತ್ತದೆ. ಚನ್ನಪಟ್ಟಣ ದಾಟುವಾಗ ಹಳೆಯ ರಸ್ತೆಯಲ್ಲಿದ್ದು ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿ, ಅಲ್ಲಿಂದ ಹನ್ನೆರಡು ಕಿ.ಮೀ. ಆಸುಪಾಸು. ಊರ ನಡುವಿನ ಹುಣಸೆ ಮರಗಳ ಮೇಲೆ, ಮನೆಯ ಹೆಂಚಿಗೆ ತಾಗುವಷ್ಟು ಹತ್ತಿರದಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳ ಗೂಡು. 2007ರಲ್ಲಿ ಇದನ್ನು ಸಮುದಾಯ ಮೀಸಲು ಎಂದು ಘೋಷಿಸಿದರು. ಅದಕ್ಕೂ ತಲೆಮಾರುಗಳ ಹಿಂದಿನಿಂದಲೇ ಊರಿನವರು ಇವನ್ನು ತವರಿಗೆ ಬಂದ ಮಗಳಂತೆ ನೋಡಿಕೊಂಡವರು. ಹಿಕ್ಕೆ ಹೊಲಕ್ಕೆ ಗೊಬ್ಬರ.

ಹಕ್ಕಿ ನೋಡುವವರೆಲ್ಲ ಐದಕ್ಕೆ ಏಳಬೇಕೆಂಬ ನಿಯಮ ಈ ಊರಿಗೆ ಅನ್ವಯಿಸುವುದಿಲ್ಲ. ಹೆಜ್ಜಾರ್ಲೆ ಭಾರದ ಹಕ್ಕಿ. ನೆಲ ಕಾದು ಬಿಸಿಗಾಳಿ ಮೇಲೇಳುವ ತನಕ ದೂರದ ಕೆರೆಗಳಿಗೆ ಹೊರಡಲು ಅದಕ್ಕೆ ಮನಸ್ಸಿಲ್ಲ. ಒಂಬತ್ತರ ಮೇಲೆ ಊರಿನ ನೆತ್ತಿಯಲ್ಲಿ ನೋಡಿ: ಒಂದು ಮೇಲೇಳುತ್ತದೆ, ನಾಲ್ಕು ಸೇರಿಕೊಳ್ಳುತ್ತವೆ, ರೆಕ್ಕೆ ಬಡಿಯದೆ ಸುತ್ತುತ್ತ ಸುತ್ತುತ್ತ ಗಾಣದಂತೆ ಮೇಲಕ್ಕೇರಿ ಒಂದು ದಿಕ್ಕಿಗೆ ಜಾರಿಹೋಗುತ್ತವೆ. ಮಧ್ಯಾಹ್ನ ಮರಳಿದವು ಬಾಯಿ ತೆರೆದರೆ ಮರಿ ತಲೆಯಿಡೀ ಅಪ್ಪ–ಅಮ್ಮನ ಚೀಲದೊಳಗೆ ತೂರಿಸಿ ಮೀನು ತಿನ್ನುತ್ತದೆ. ಮರದಡಿ ನಿಲ್ಲುವುದಾದರೆ ತಲೆಗೆ ಟೋಪಿ ಕಡ್ಡಾಯ, ಕಾರಣ ಹೇಳಬೇಕಿಲ್ಲ. ಚಪ್ಪಾಳೆ ತಟ್ಟಿ ಹಾರಿಸುವುದು ಮಾತ್ರ ಬೇಡ. ದೊಡ್ಡವು ಗಾಬರಿಯಲ್ಲಿ ಎದ್ದರೆ ಅಂಚಿನಲ್ಲಿದ್ದ ಮರಿ ಕೆಳಗೆ ಬೀಳುತ್ತದೆ. ಡ್ರೋನ್ ಮಾತಂತೂ ಎತ್ತಲೇಬೇಡಿ.

ರಂಗನತಿಟ್ಟನ್ನು 1940ರಲ್ಲಿ ಪಕ್ಷಿಧಾಮ ಮಾಡಿದ್ದು ಸಲೀಂ ಅಲಿಯವರ ಸಲಹೆಯ ಮೇಲೆ. ಅಲ್ಲಿ ಈಗ ಎಲ್ಲರ ಕಣ್ಣೂ ಮರದ ಮೇಲಿನ ಬಣ್ಣದ ಕೊಕ್ಕರೆಯ ಮೇಲೆ, ಬಂಡೆಯ ಮೇಲಿನ ಮೊಸಳೆಯ ಮೇಲೆ. ನೀವು ಅದೇ ಬಂಡೆಗಳ ಬರಿ ಜಾಗವನ್ನೂ ನೋಡಿ. ಹಳದಿ ಕೊಕ್ಕು, ಕಪ್ಪು ನೆತ್ತಿ, ಕವಲೊಡೆದ ಬಾಲದ ನದಿ ರೀವ (ರಿವರ್ ಟರ್ನ್) ಗೂಡೇ ಕಟ್ಟದೆ ಕಲ್ಲುಮರಳಿನ ನಡುವೆ ಒಂದು ಸಣ್ಣ ಗುಳಿಯಲ್ಲಿ ಎರಡು ಮೂರು ಮೊಟ್ಟೆ ಇಟ್ಟು ಕುಳಿತಿರುತ್ತದೆ. ನೀರು ಏಕಾಏಕಿ ಏರಿದರೆ ಅಷ್ಟೂ ಹೋಯಿತು. ಭದ್ರಾ ಹಿನ್ನೀರಿನ ದ್ವೀಪಗಳಲ್ಲಿ ಲಕ್ಕವಳ್ಳಿ ಕಡೆಯಿಂದ ಇವುಗಳ ದೊಡ್ಡ ಕಾಲೊನಿಯನ್ನೇ ನೋಡಬಹುದು, ದೋಣಿಯಲ್ಲಿ ಕುಳಿತೇ. ಈ ಬಿಸಿಲಿನಲ್ಲಿ ತಾಯಿ ಎದ್ದುಹೋದ ಮೊಟ್ಟೆ ಸ್ವಲ್ಪ ಹೊತ್ತಿಗೇ ಬೆಂದುಹೋಗುತ್ತದೆ. ಕಾವು ಕೊಡುವುದಕ್ಕಿಂತ ನೆರಳು ಕೊಡುವುದೇ ಅದಕ್ಕೀಗ ದೊಡ್ಡ ಕೆಲಸ. ರೀವ ಕಿರುಚುತ್ತ ನಿಮ್ಮ ತಲೆಯ ಮೇಲೆ ಎರಗಿತೆಂದರೆ ನೀವು ಬರಬಾರದಷ್ಟು ಹತ್ತಿರ ಬಂದಿದ್ದೀರಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ.

ರಂಗನತಿಟ್ಟಿಗೆ ಹೋದವರು ಶ್ರೀರಂಗಪಟ್ಟಣದ ಬಳಿಯ ನಗುವನಹಳ್ಳಿಯನ್ನೂ ವಿಚಾರಿಸಿ. ಅಲ್ಲಿನ ಮಣ್ಣಿನ ದಿಬ್ಬಗಳಲ್ಲಿ ಬಿಲ ಕೊರೆದು ನೀಲಿಬಾಲದ ಕಳ್ಳಿಪೀರಗಳು ಸಂಸಾರ ಮಾಡುತ್ತವೆ. ಬಿಲದ ಬಾಯಿಯ ಮೇಲ್ಗಡೆ ನಡೆದರೆ ಮಣ್ಣು ಕುಸಿಯುತ್ತದೆ.

ದಾಂಡೇಲಿ, ಗಣೇಶಗುಡಿ ಕಡೆ ಮಂಗಟ್ಟೆಗಳ (ಹಾರ್ನ್‌ಬಿಲ್) ಕಾಲವೂ ಇದೇ. ಹೆಣ್ಣು ಪೊಟರೆಯೊಳಗೆ ಕುಳಿತು ಬಾಗಿಲು ಮುಚ್ಚಿಕೊಂಡಿರುತ್ತದೆ, ಗಂಡು ಹಣ್ಣು ತಂದು ಸಂದಿಯಲ್ಲಿ ಕೊಡುತ್ತದೆ. ಗೂಡಿನ ಮರ ಗೊತ್ತಾದರೂ ಅದರೆದುರು ಕ್ಯಾಮೆರಾ ಹೂಡಿ ಕೂರಬೇಡಿ. ಗಂಡು ಹೆದರಿ ಬರದೇ ಹೋದರೆ ಒಳಗಿನ ಎಲ್ಲವೂ ಉಪವಾಸ. ಅದಕ್ಕಿಂತ ಹಣ್ಣಾದ ಅತ್ತಿಯ ಮರ ಹುಡುಕಿ ಕಾಯುವುದು ಲೇಸು. ನಿಮಗೂ ಚೆನ್ನಾಗಿ ಕಾಣುತ್ತದೆ, ಅದಕ್ಕೂ ತೊಂದರೆಯಿಲ್ಲ.

ಎಲ್ಲಿಗೂ ಹೋಗಲಾಗದವರಿಗೆ: ಒಂದು ಮುತ್ತುಗದ ಮರ

ಫೆಬ್ರವರಿ–ಮಾರ್ಚ್‌ನಲ್ಲಿ ಒಂದು ಕೆರೆಗಿಂತ ಹೆಚ್ಚು ಕೊಡುವುದು ಎಲೆ ಉದುರಿಸಿ ಹೂ ಬಿಟ್ಟ ಮರ. ಮುತ್ತುಗ, ಬೂರುಗ, ಹಾಲಿವಾಣ ಯಾವುದಾದರೂ ಆದೀತು. ಊರ ಹೊರಗಿನ ಗೋಮಾಳದಲ್ಲಿ, ರಸ್ತೆಬದಿಯಲ್ಲಿ ಒಂದಾದರೂ ಇರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿ, ಮರದಿಂದ ಹದಿನೈದು–ಇಪ್ಪತ್ತು ಹೆಜ್ಜೆ ದೂರದಲ್ಲಿ ಬೆಳಿಗ್ಗೆ ಆರೂವರೆಯಿಂದ ಎಂಟೂವರೆವರೆಗೆ ಕೂತುಬಿಡಿ. ಹತ್ತು ನಿಮಿಷ ಏನೂ ಬರುವುದಿಲ್ಲ, ಏಳಬೇಡಿ. ಮೊದಲು ಗೊರವಂಕ ಬರುತ್ತದೆ. ಅದು ಮುಖ ಎತ್ತಿದಾಗ ದುರ್ಬೀನಿನಲ್ಲಿ ಹಣೆ ನೋಡಿ, ಅರಿಶಿನ ಮೆತ್ತಿದಂತೆ ಪರಾಗ ಅಂಟಿರುತ್ತದೆ. ಆಮೇಲೆ ಪಿಕಳಾರ, ಎಲೆಹಕ್ಕಿ, ಸೂರಕ್ಕಿ. ಗಿಳಿಗಳಿಗೆ ಸೌಜನ್ಯವಿಲ್ಲ, ಹೂವನ್ನೇ ಕಿತ್ತು ಕಚ್ಚಿ ಎಸೆಯುತ್ತವೆ. ಕಾಜಾಣ ಮಕರಂದವನ್ನೂ ಹೀರುತ್ತದೆ, ಹೂವಿಗೆ ಬಂದ ಹುಳವನ್ನೂ ಹಿಡಿಯುತ್ತದೆ, ಬಿಡುವಾದಾಗ ಉಳಿದವರನ್ನು ಓಡಿಸುತ್ತದೆ.

ಗದ್ದಲ ಏಕಾಏಕಿ ಹೆಚ್ಚಾಗಿ ಇಡೀ ಮರ ಕಲಕಲ ಎಂದರೆ ಗುಲಾಬಿ ಕಬ್ಬಕ್ಕಿಯ ಹಿಂಡು ಬಂತೆಂದು ತಿಳಿಯಿರಿ. ಇದು ಉತ್ತರದ ಅತಿಥಿ, ಏಪ್ರಿಲ್‌ನಲ್ಲಿ ಹೊರಡುತ್ತದೆ. ಮೈ ಗುಲಾಬಿ, ತಲೆ–ರೆಕ್ಕೆ ಕಪ್ಪು. ಚಳಿಗಾಲದಲ್ಲಿ ಕೊಳಕಾಗಿ ಕಾಣುವ ಗರಿಯ ಕಂದು ತುದಿ ಸವೆದುಹೋಗಿ ಮಾರ್ಚ್‌ಗೆ ಗುಲಾಬಿ ನಿಚ್ಚಳವಾಗುತ್ತದೆ. ನಮ್ಮದೇ ಆದ ಕರಿತಲೆ ಕಬ್ಬಕ್ಕಿಯ ಜೊತೆ ಹೊಸಬರು ಇದನ್ನು ಕಲಸಿಕೊಳ್ಳುತ್ತಾರೆ. ಅದರ ಕಪ್ಪು ನೆತ್ತಿಯ ಜುಟ್ಟಿಗಷ್ಟೇ ಸೀಮಿತ, ರೆಕ್ಕೆ ಬೂದು, ಹೊಟ್ಟೆ ಕಾವಿ ಬಣ್ಣ.

ಕಣ್ಣು ಅಲ್ಲಿರುವಾಗ ಕಿವಿ ಬೇರೆ ಕಡೆ ಇರಲಿ. ‘ಟುಕ್ ಟುಕ್ ಟುಕ್’ ಎಂದು ನಿಮಿಷಕ್ಕೆ ನೂರರ ಆಸುಪಾಸು ಒಂದೇ ಸಮ ಬಡಿಯುವುದು ಚಿಟ್ಟುಕುಟ್ರ, ಒಣಗಿದ ಕೊಂಬೆಯ ತುದಿಯಲ್ಲಿ ಹುಡುಕಿ. ಬೆಳಕು ಹರಿಯುವ ಮೊದಲೇ ಹಾಡಲು ಕೂತಿದ್ದು ಮಡಿವಾಳ. ಬಯಲಿನ ತಂತಿಯಿಂದ ಕರ್ಕಶವಾಗಿ ಕೂಗುತ್ತ ಎದ್ದು, ಗಾಳಿಯಲ್ಲಿ ಮಗುಚಿ ಬೀಳುವಂತೆ ನೀಲಿ ರೆಕ್ಕೆ ತೋರಿಸಿ ಇಳಿದರೆ ಅದು ನೀಲಕಂಠ, ನಮ್ಮ ರಾಜ್ಯಪಕ್ಷಿಯ ಪ್ರಣಯ.

ಬೆಂಗಳೂರಿನವರು ಒಂದು ವಾರದ ದಿನ ರಜೆ ಹಾಕಿ ನಂದಿಬೆಟ್ಟಕ್ಕೂ ಹೋಗಬಹುದು. ಸುಮಾರು 1,478 ಮೀಟರ್ ಎತ್ತರದ ಆ ತಂಪಿನಲ್ಲಿ ನೀಲಿ ನೆತ್ತಿಯ ಬಂಡೆ ಸಿಳ್ಳಾರದಂಥ ಚಳಿಗಾಲದ ಅತಿಥಿಗಳು ಇನ್ನೂ ಇರುತ್ತವೆ. ಭಾನುವಾರ ಹೋದರೆ ಕಾಣುವುದು ಬೈಕುಗಳೇ.

ಏನು ತಪ್ಪುತ್ತದೆ

ಬೆಂಗಳೂರಲ್ಲಿ ಫೆಬ್ರವರಿ ಮೊದಲಲ್ಲಿ 6.45ರ ಸುಮಾರಿಗೆ ಹುಟ್ಟುವ ಸೂರ್ಯ ಮಾರ್ಚ್ ಕೊನೆಗೆ 6.20ಕ್ಕೇ ಬಂದಿರುತ್ತಾನೆ. ಚಳಿಗಾಲದ ಅಲಾರಂ ಬದಲಿಸದಿದ್ದರೆ ಒಳ್ಳೆಯ ಅರ್ಧ ಗಂಟೆ ಹೋಯಿತು. ಕೆರೆಗಳಲ್ಲಿ ಒಂಬತ್ತೂವರೆಯ ಮೇಲೆ ಕೆಸರಿನಿಂದ ಬಿಸಿ ಎದ್ದು ದೂರದ ಗೊರವ ನಡುಗತೊಡಗುತ್ತದೆ. ಆಗ ಎಷ್ಟು ದುಬಾರಿ ಲೆನ್ಸ್ ಇದ್ದರೂ ಚಿತ್ರ ಮಸುಕೇ. ತುಂಬಿ ತುಳುಕುವ ಕೆರೆ ನೋಡಿ ಹಿಗ್ಗಬೇಡಿ, ಗೊರವಗಳಿಗೆ ಬೇಕಾದದ್ದು ಮೊಣಕಾಲಿಗಿಂತ ಕಡಿಮೆ ನೀರು ಮತ್ತು ಹಸಿ ಅಂಚು. ಹೊರಡುವ ಹಿಂದಿನ ದಿನ, ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಈ–ಬರ್ಡ್ ಜಾಲತಾಣದಲ್ಲಿ ಆ ಕೆರೆಯ ಕಳೆದ ಹದಿನೈದು ದಿನದ ಪಟ್ಟಿ ನೋಡಿಕೊಳ್ಳಿ.

ದುರ್ಬೀನು 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು) ಸಾಕು. 20 ಪಟ್ಟು ಎಂದು ಬರೆದದ್ದನ್ನು ಕೈಯಲ್ಲಿ ಹಿಡಿದರೆ ಹಕ್ಕಿ ಕುಣಿಯುತ್ತದೆ. ‘ನನಗೆ ಸರಿಯಾಗಿ ಕಾಣಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಬಲಗಣ್ಣಿನ ಉಂಗುರ ಸರಿಪಡಿಸಿರುವುದಿಲ್ಲ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಒಂದು ಬೋರ್ಡಿನ ಅಕ್ಷರ ಸ್ಪಷ್ಟ ಮಾಡಿ. ಈಗ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ ಬಲಗಡೆಯ ಉಂಗುರವನ್ನಷ್ಟೇ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಇನ್ನು ಆ ಉಂಗುರ ಮುಟ್ಟಬೇಕಿಲ್ಲ. ಕನ್ನಡಕದವರು ರಬ್ಬರ್ ಬಟ್ಟಲನ್ನು ಕೆಳಗಿಳಿಸಿಕೊಳ್ಳಬೇಕು.

ಕಡೆಯದಾಗಿ ಒಂದು ಕೆಲಸ. ಮೊದಲ ಬಾತು ಬಂದ ದಿನವನ್ನು ಎಲ್ಲರೂ ಬರೆದಿಡುತ್ತಾರೆ, ಕೊನೆಯದು ಹೋದ ದಿನ ಯಾರ ಹತ್ತಿರವೂ ಇರುವುದಿಲ್ಲ. ಮನೆಗೆ ಹತ್ತಿರದ ಒಂದೇ ಕೆರೆಗೆ ಯುಗಾದಿವರೆಗೆ ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಹೋಗಿ, ಒಂದೇ ಜಾಗದಲ್ಲಿ ನಿಂತು, ಐದು ಜಾತಿಯನ್ನಷ್ಟೇ ಎಣಿಸಿ. ಸೂಜಿಬಾಲದ ಬಾತು 40, 40, 12, 3. ಐದನೇ ಸಲ ಒಂದೂ ಕಾಣದಿದ್ದರೆ ಆ ಸಾಲನ್ನು ಖಾಲಿ ಬಿಡಬೇಡಿ, ಸೊನ್ನೆ ಎಂದೇ ಬರೆಯಿರಿ. ಮತ್ತೆರಡು ಸಲ ಹೋಗಿ, ಮತ್ತೆರಡು ಸೊನ್ನೆ ಬಂದ ಮೇಲೆ ನಿಲ್ಲಿಸಿ.