ಪೈಪಿನ ಕತ್ತು ಹಿಸುಕುವ ಮುನ್ನ

ಸ್ಕೂಟರ್ ತೊಳೆಯುವಾಗ ನಲ್ಲಿಯವರೆಗೆ ನಡೆಯಲು ಸೋಮಾರಿತನವಾಗಿ ಪೈಪನ್ನೇ ಮಡಿಚಿ ಹಿಡಿಯದವರು ಯಾರಿದ್ದಾರೆ? ಹನಿ ನೀರಾವರಿಯ ಪೈಪಿನ ತುದಿಯನ್ನು ಮಡಿಚಿ, ಎಂಟರ ಆಕಾರದ ಪ್ಲಾಸ್ಟಿಕ್ ಬಳೆಯೊಳಗೆ ತೂರಿಸುವ ರೈತನದೂ ಅದೇ ಉಪಾಯ. ಗ್ಯಾರೇಜಿನಲ್ಲಿ ಈ ಕೆಲಸಕ್ಕೆಂದೇ ಒಂದು ಕ್ಲ್ಯಾಂಪ್ ಇದೆ, ಹೆಸರು ಹೋಸ್ ಪಿಂಚ್-ಆಫ್ ಕ್ಲ್ಯಾಂಪ್. ಪೈಪನ್ನು ಅದರ ಎರಡು ದವಡೆಗಳ ನಡುವೆ ಇಟ್ಟು ಹಿಡಿ ಅದುಮಿದರೆ ಕಟಕಟನೆ ಹಲ್ಲಿಗೆ ಹಲ್ಲು ಕೂತು ಅಲ್ಲೇ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಹೆಬ್ಬೆರಳಿನಿಂದ ಒಂದು ಸಣ್ಣ ಲಿವರ್ ಒತ್ತಿದರೆ ಥಟ್ಟನೆ ಬಿಟ್ಟುಕೊಳ್ಳುತ್ತದೆ. ಪೈಪನ್ನು ಮೂತಿಗೆ ಬಿಗಿದು ಶಾಶ್ವತವಾಗಿ ಕೂರುವ ಹೋಸ್ ಕ್ಲಿಪ್ ಬೇರೆ, ಇದು ಬೇರೆ. ಅಂಗಡಿಯಲ್ಲಿ ಕೇಳುವಾಗ ಹೆಸರು ತಪ್ಪಿದರೆ ಕೈಗೆ ಕ್ಲಿಪ್ಪೇ ಬರುತ್ತದೆ.

ಕಾರಿನೊಳಗೆ ಬೆಚ್ಚನೆ ಗಾಳಿ ಬಿಡುವ ಹೀಟರಿಗೆ ಹೋಗುವ ಪೈಪು ಸೋರುತ್ತಿದೆ ಎಂದುಕೊಳ್ಳಿ. ಕ್ಲ್ಯಾಂಪ್ ಇಲ್ಲದಿದ್ದರೆ ರೇಡಿಯೇಟರ್ ಬಿಚ್ಚಿ ಎಂಜಿನ್ ತಣ್ಣಗಿಡುವ ದ್ರವವಾದ ಕೂಲೆಂಟನ್ನು ನಾಲ್ಕೈದು ಲೀಟರ್ ಬಕೆಟಿಗೆ ಇಳಿಸಬೇಕು, ಆಮೇಲೆ ಮತ್ತೆ ತುಂಬಬೇಕು. ಕೂಲೆಂಟಿನ ದುಡ್ಡಿಗಿಂತ ದೊಡ್ಡ ತಲೆನೋವು ಅದರ ಜಾಗಕ್ಕೆ ಬಂದು ಕೂರುವ ಗಾಳಿ. ಎಲ್ಲೋ ಒಂದು ತಿರುವಿನಲ್ಲಿ ಗುಳ್ಳೆ ಸಿಕ್ಕಿಕೊಂಡರೆ ತುಂಬಿದ ರೇಡಿಯೇಟರ್ ಇಟ್ಟುಕೊಂಡೂ ಎಂಜಿನ್ ಕಾಯುತ್ತದೆ. ಆ ಗಾಳಿ ಓಡಿಸಲು ಅರ್ಧ ಗಂಟೆ ಎಂಜಿನ್ನಿನ ಮುಂದೆ ನಿಂತಿರಬೇಕು. ಪೈಪಿನ ಎಂಜಿನ್ ಬದಿಗೊಂದು ಕ್ಲ್ಯಾಂಪ್, ಹೀಟರ್ ಬದಿಗೊಂದು ಕ್ಲ್ಯಾಂಪ್ ಹಾಕಿದರೆ ನಡುವಿನ ಒಂದು ಲೋಟದಷ್ಟು ಮಾತ್ರ ಚೆಲ್ಲುತ್ತದೆ. ಅದನ್ನೂ ಕೂಡಲೇ ಒರೆಸಿಬಿಡಿ. ಕೂಲೆಂಟ್ ಸಿಹಿ, ನಾಯಿಗಳು ನೆಕ್ಕುತ್ತವೆ, ಸಾಯುತ್ತವೆ.

ಇದಕ್ಕೆ ಬೇರೆ ಕ್ಲ್ಯಾಂಪ್ ಯಾಕೆ, ಕಚ್ಚಿ ಹಿಡಿದಲ್ಲೇ ಲಾಕ್ ಆಗುವ ಇಕ್ಕಳ, ವೈಸ್ ಗ್ರಿಪ್, ಸಾಲದೇ ಎಂದು ಹೊಸ ಹುಡುಗರು ಕೇಳುತ್ತಾರೆ. ಉತ್ತರವಾಗಿ ನಾನು ಒಂದು ಹಳೆಯ ಪೈಪನ್ನು ಉದ್ದಕ್ಕೆ ಸೀಳಿ ತೋರಿಸುತ್ತೇನೆ. ಒಳಗೊಂದು ರಬ್ಬರ್ ಪದರ, ಹೊರಗೊಂದು ರಬ್ಬರ್ ಪದರ, ನಡುವೆ ನೂಲಿನ ಹೆಣಿಗೆ. ಬಿಸಿ ಎಂಜಿನ್ನಿನ ಒತ್ತಡವನ್ನು ತಡೆಯುವುದು ಆ ಹೆಣಿಗೆಯೇ ಹೊರತು ರಬ್ಬರ್ ಅಲ್ಲ. ವೈಸ್ ಗ್ರಿಪ್ಪಿನ ಗರಗಸದಂಥ ಹಲ್ಲು ಕಚ್ಚಿದಾಗ ಹೊರಗೆ ಕಾಣುವುದು ನಾಲ್ಕು ಗೀರು, ಒಳಗೆ ನೂಲು ಹರಿದಿರುತ್ತದೆ. ಕೆಲವು ದಿನ ಕಳೆದ ಮೇಲೆ ಅದೇ ಜಾಗದಲ್ಲಿ ಪೈಪು ನೆಲ್ಲಿಕಾಯಿ ಗಾತ್ರಕ್ಕೆ ಉಬ್ಬಿಕೊಂಡು ಗಾಡಿ ವಾಪಸ್ ಬರುತ್ತದೆ. ಸರಿಯಾದ ಕ್ಲ್ಯಾಂಪಿನ ದವಡೆ ಪೆನ್ಸಿಲಿನಂತೆ ದುಂಡಗೆ, ನುಣುಪಾಗಿರುತ್ತದೆ. ಅದು ಪೈಪನ್ನು ಒತ್ತುತ್ತದೆ, ಕಚ್ಚುವುದಿಲ್ಲ.

ದುಂಡು ದವಡೆ ಇದೆ ಎಂದು ಶಕ್ತಿ ಪ್ರದರ್ಶನ ಬೇಡ. ಒಂದೊಂದೇ ಹಲ್ಲು ಏರಿಸುತ್ತಾ ಹೋಗಿ, ಹನಿ ನಿಂತಲ್ಲಿ ನಿಲ್ಲಿಸಿ. ಅದಕ್ಕೂ ಮೊದಲು ಎಂಜಿನ್ ತಣ್ಣಗಾಗಿರಲಿ, ಪೈಪನ್ನು ಬೆರಳಿನಿಂದ ಹಿಚುಕಿ ನೋಡಿ. ಅದರಲ್ಲೂ ಲೋಹದ ಮೂತಿಗೆ ಸೇರುವ ತುದಿಯ ಹತ್ತಿರ ನೋಡಬೇಕು, ಪೈಪು ಒಳಗಿನಿಂದ ಸೀಳತೊಡಗುವುದು ಹೆಚ್ಚಾಗಿ ಅಲ್ಲೇ. ಒಳ್ಳೆಯ ರಬ್ಬರ್ ಮೆತ್ತಗೆ ಒಪ್ಪಿಕೊಂಡು ಮತ್ತೆ ದುಂಡಗಾಗುತ್ತದೆ. ಹಪ್ಪಳದಂತೆ ಸದ್ದು ಮಾಡಿದರೆ ಅಥವಾ ಬೆರಳಿಗೆ ಬಿರುಕು ತಗುಲಿದರೆ ಆ ಪೈಪಿಗೆ ಕ್ಲ್ಯಾಂಪ್ ಹಾಕಬೇಡಿ, ಬದಲಾಯಿಸಿ.

ಎಲ್ಲ ಪೈಪೂ ಹಿಸುಕಿಸಿಕೊಳ್ಳಲು ಹುಟ್ಟಿದ್ದಲ್ಲ. ಈಗಿನ ಕಾರುಗಳ ಇಂಧನದ ಪೈಪುಗಳಲ್ಲಿ ಬಹುಪಾಲು ಗಟ್ಟಿ ನೈಲಾನ್. ಅದನ್ನು ಒತ್ತಿದರೆ ಬಿಳಿ ಗೆರೆ ಮೂಡಿ ಮಡಿಕೆ ಬೀಳುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಏಸಿ ಪೈಪಿನ ತಂಟೆಗೆ ಹೋಗಲೇಬೇಡಿ.

ಬ್ರೇಕ್ ಪೈಪಿನ ವಿಷಯದಲ್ಲಿ ಗ್ಯಾರೇಜಿನವರಲ್ಲೇ ಎರಡು ಪಕ್ಷಗಳಿವೆ. ನಾನು ಹಾಕಬಾರದು ಎನ್ನುವ ಪಕ್ಷ. ಚಕ್ರದ ಹತ್ತಿರ ಬಳುಕುವ ಆ ರಬ್ಬರ್ ಪೈಪಿನ ಒಳದಾರಿ ತೀರಾ ಸಣ್ಣದು. ಹಿಸುಕಿದಾಗ ಒಳಪದರ ಕಿತ್ತು ಸಣ್ಣ ನಾಲಗೆಯಂತೆ ಎದ್ದು ನಿಂತರೆ ಹೊರಗಿನಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಪೆಡಲ್ ತುಳಿದಾಗ ಆಯಿಲ್ ಅದನ್ನು ತಳ್ಳಿಕೊಂಡು ಚಕ್ರಕ್ಕೆ ಹೋಗುತ್ತದೆ, ಕಾಲು ತೆಗೆದಾಗ ವಾಪಸ್ ಬರಲು ದಾರಿ ಇರುವುದಿಲ್ಲ. ಬ್ರೇಕ್ ಹಿಡಿದುಕೊಂಡೇ ಚಕ್ರ ತಿರುಗುತ್ತದೆ, ಡಿಸ್ಕ್ ಕಾಯುತ್ತದೆ. ಮೆಕ್ಯಾನಿಕ್ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರನ್ನು ಮೂರು ಸಲ ಬಿಚ್ಚಿ ತೊಳೆದರೂ ರೋಗ ಹೋಗುವುದಿಲ್ಲ, ಅದು ಇರುವುದು ಪೈಪಿನಲ್ಲಿ.

ಹಾಗಾದರೆ ಕ್ಯಾಲಿಪರ್ ಬಿಚ್ಚುವಾಗ ಬ್ರೇಕ್ ಆಯಿಲ್ ಪೂರ್ತಿ ಸುರಿದು ಹೋಗುವುದಿಲ್ಲವೇ? ಇದಕ್ಕೆ ನಮ್ಮ ಗ್ಯಾರೇಜಿನ ಮೂಲೆಯಲ್ಲಿ ಒಂದು ಮೊಂಡು ಕೋಲಿದೆ. ಪೈಪು ಬಿಚ್ಚುವ ಮೊದಲು ಬ್ರೇಕ್ ಪೆಡಲನ್ನು ಒಂದೆರಡು ಅಂಗುಲ ಒತ್ತಿ, ಕೋಲನ್ನು ಪೆಡಲಿಗೂ ಸೀಟಿಗೂ ನಡುವೆ ಆನಿಸಿ ನಿಲ್ಲಿಸುತ್ತೇವೆ. ಅಷ್ಟು ಒತ್ತಿದಾಗ ಪೆಡಲಿನ ಒತ್ತಿಗೆ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮುಂದೆ ಸರಿದು, ಮೇಲಿನ ಡಬ್ಬಿಯಿಂದ ಆಯಿಲ್ ಇಳಿಯುವ ದಾರಿ ಮುಚ್ಚಿಕೊಳ್ಳುತ್ತದೆ. ಒಂದಷ್ಟು ಹನಿ ಉದುರಿ ನಿಂತುಹೋಗುತ್ತದೆ. ಪೆಡಲ್ ಒತ್ತಿದಷ್ಟು ಹೊತ್ತೂ ಹಿಂದಿನ ಕೆಂಪು ದೀಪ ಉರಿಯುತ್ತಿರುತ್ತದೆ, ಆದ್ದರಿಂದ ಬ್ಯಾಟರಿಯ ಒಂದು ತಂತಿ ಬಿಚ್ಚಿಡಿ. ಪೈಪು ಮತ್ತೆ ಕೂರಿಸಿದ ಮೇಲೆ ಆ ಚಕ್ರದ ಬ್ರೇಕ್ ಆಯಿಲಿನಲ್ಲಿ ಸೇರಿಕೊಂಡ ಗಾಳಿ ತೆಗೆಯುವುದು ತಪ್ಪುವುದಿಲ್ಲ.

ಕ್ಲ್ಯಾಂಪಿನ ನಿಜವಾದ ದೋಷ ಅದರಲ್ಲಿಲ್ಲ, ಹಾಕಿದವನ ತಲೆಯಲ್ಲಿದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಒಂದು ಮಾರುತಿ 800ರ ಪೆಟ್ರೋಲ್ ಫಿಲ್ಟರ್ ಬದಲಿಸಿದೆ. ಪೆಟ್ರೋಲ್ ಪೈಪಿಗೆ ಹಾಕಿದ್ದ ಕ್ಲ್ಯಾಂಪನ್ನು ಮರೆತೆ, ಬಾನೆಟ್ ಮುಚ್ಚಿದೆ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಗಿರಾಕಿ ಖುಷಿಯಾಗಿ ದುಡ್ಡು ಕೊಟ್ಟು ಹೊರಟರು. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿದ್ದ ಪೆಟ್ರೋಲ್ ಅವರನ್ನು ಸರ್ಕಲ್‌ವರೆಗೆ ಕರೆದೊಯ್ದು, ಸಿಗ್ನಲ್ ಹಸಿರಾಗುವ ಹೊತ್ತಿಗೆ ಸರಿಯಾಗಿ ಮುಗಿಯಿತು. ಹಿಂದಿನವರೆಲ್ಲ ಹಾರ್ನ್ ಒತ್ತುತ್ತಿದ್ದರಂತೆ. ನಾನು ಸೈಕಲ್ ತುಳಿದುಕೊಂಡು ಹೋಗಿ ಬಾನೆಟ್ ಎತ್ತಿದಾಗ ಕ್ಲ್ಯಾಂಪ್ ನನ್ನನ್ನೇ ನೋಡುತ್ತಿತ್ತು. ಅವರೂ ನೋಡಿದರು.

ಅಂದಿನಿಂದ ನಮ್ಮಲ್ಲಿ ಯಾವ ಗಾಡಿಗೆ ಕ್ಲ್ಯಾಂಪ್ ಹಾಕಿದರೂ ಆ ಗಾಡಿಯ ಕೀಲಿಯನ್ನು ಒಂದು ದಾರದಲ್ಲಿ ಅದೇ ಕ್ಲ್ಯಾಂಪಿನ ಹಿಡಿಗೆ ಕಟ್ಟುತ್ತೇವೆ. ಕೀಲಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಹುಡುಗ ಮೊದಲು ಬಾನೆಟ್ ಎತ್ತುತ್ತಾನೆ.