ಸಾಂಕ್ರಾಮಿಕ ರೋಗ, ಸ್ಥಳೀಯ ಆಡಳಿತ ಮತ್ತು ಕಲಬುರಗಿ ಪೇಟೆ: ಜೊತೆಗೆ ಓದುವವರಿಗೆ ಒಂದು ಟಿಪ್ಪಣಿ

ಸ್ಥಳೀಯ ಆಡಳಿತದ ಪ್ರಶ್ನೆಪತ್ರಿಕೆಯಲ್ಲಿ "ಸಾಂಕ್ರಾಮಿಕ ರೋಗದ ಹೊತ್ತಿನ ಆಡಳಿತದ ಆದೇಶಗಳು ಊರಿನ ವ್ಯಾಪಾರದ ಮೇಲೆ ಏನು ಪರಿಣಾಮ ಮಾಡಿದವು" ಅನ್ನುವ ಪ್ರಶ್ನೆ ಬಂದರೆ ಬಹಳ ಜನ "ಲಾಕ್‌ಡೌನ್ ಆಯಿತು, ವ್ಯಾಪಾರ ಬಿತ್ತು, ಸರ್ಕಾರ ಪ್ಯಾಕೇಜ್ ಕೊಟ್ಟಿತು" ಅಂತ ಮೂರು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಅಷ್ಟಕ್ಕೆ ಅಂಕ ಬರಲ್ಲ. ಆದೇಶ ಯಾರು ಹೊರಡಿಸಿದರು, ಯಾವ ಕಾನೂನಿನ ಬಲದ ಮೇಲೆ, ಅದು ಪೇಟೆಯಲ್ಲಿ ಯಾರಿಗೆ ಯಾವ ಹೊತ್ತಿನಲ್ಲಿ ಹೊಡೆತ ಕೊಟ್ಟಿತು, ಇಷ್ಟನ್ನೂ ಒಂದಕ್ಕೊಂದು ಜೋಡಿಸಿ ಬರೆಯಬೇಕು. ಉದಾಹರಣೆಗೆ ದೂರ ಹೋಗುವುದೇ ಬೇಡ, ನಮ್ಮ ಕಲಬುರಗಿಯೇ ಇದೆಯಲ್ವಾ.

ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಇಲ್ಲಿಯದೇ. ಸೌದಿಯಿಂದ ಬಂದಿದ್ದ 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಅವರಿಗೆ ಕೋವಿಡ್ ಇತ್ತು ಅಂತ ಖಚಿತವಾದದ್ದು ಮಾರ್ಚ್ 12ಕ್ಕೆ. ಈ ನಡುವಿನ ದಿನಗಳನ್ನು ಗಮನಿಸಿ. ಆಗ ಇಲ್ಲಿ ಪರೀಕ್ಷೆಯ ಲ್ಯಾಬ್ ಇರಲಿಲ್ಲ, ಮಾದರಿ ಬೆಂಗಳೂರಿಗೆ ಹೋಗಿ ವರದಿ ಬರಬೇಕಿತ್ತು. ಆಮೇಲೆ ಇಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್‌ನಲ್ಲೇ ಲ್ಯಾಬ್ ಶುರುವಾಯಿತು. ಸಾಂಕ್ರಾಮಿಕದಲ್ಲಿ ಸ್ಥಳೀಯ ಆಡಳಿತ ಯಾವಾಗಲೂ ಹಳೇ ಮಾಹಿತಿ ಇಟ್ಟುಕೊಂಡು ಇವತ್ತಿನ ತೀರ್ಮಾನ ಮಾಡುತ್ತದೆ. ಅದಕ್ಕೇ ಮೊದಲ ಆದೇಶಗಳು ಬೇಕಾದ್ದಕ್ಕಿಂತ ದೊಡ್ಡದಾಗಿರುತ್ತವೆ: ಒಂದು ಓಣಿ ಮುಚ್ಚಿದರೆ ಸಾಕಿತ್ತೇನೋ, ಆದರೆ ಯಾವ ಓಣಿ ಅಂತ ಗೊತ್ತಿಲ್ಲದಿದ್ದಾಗ ಇಡೀ ಊರೇ ಮುಚ್ಚಬೇಕಾಗುತ್ತದೆ.

ಇನ್ನು ಕಾನೂನು. ಸಾರ್ವಜನಿಕ ಆರೋಗ್ಯ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿದೆ, 6ನೇ ನಮೂದು. ರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೇ ನಮೂದು. ನಗರ ಸಂಸ್ಥೆಗಳಿಗೆ 12ನೇ ಅನುಸೂಚಿ 18 ವಿಷಯ ಕೊಡುತ್ತದೆ, ಅದರಲ್ಲೂ ಆರೋಗ್ಯ, ನೈರ್ಮಲ್ಯ ಇದೆ. ಪಂಚಾಯಿತಿಗಳಿಗೆ 11ನೇ ಅನುಸೂಚಿಯಲ್ಲಿ ಇದೆ. ಕಾಗದ ನೋಡಿದರೆ ಇದು ಪಾಲಿಕೆಯ ಕೆಲಸ ಅನ್ನಿಸುತ್ತದೆ. ನಡೆದದ್ದೇ ಬೇರೆ. ರಾಜ್ಯ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ 2020ರ ಮಾರ್ಚ್ 11ಕ್ಕೆ ನಿಯಮಾವಳಿ ತಂದಿತು, ಕೇಂದ್ರ 2005ರ ವಿಪತ್ತು ನಿರ್ವಹಣಾ ಕಾಯ್ದೆ ಬಳಸಿತು. ಆ ಎರಡನೇ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಡಿಸಿ. ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ-ಅಧ್ಯಕ್ಷರು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ, ಬರೆದರೆ ಉತ್ತರಕ್ಕೆ ತೂಕ ಬರುತ್ತದೆ. ಆದರೆ ಸಹಿ ಡಿಸಿಯದ್ದು, ಲಾಠಿ ಪೊಲೀಸರದ್ದು, ಬ್ಯಾರಿಕೇಡ್ ಪಕ್ಕದ ಕಸ ಎತ್ತಿ ಔಷಧಿ ಸಿಂಪಡಿಸುವುದು ಪಾಲಿಕೆಯದ್ದು.

ಪರೀಕ್ಷೆಗೆ ಕೂರುವವರಿಗೆ ಒಂದು ಮಾತು. 2020ರ ಘಟನೆಗೆ 144ನೇ ಕಲಂ (ಸಿಆರ್‌ಪಿಸಿಯ ನಿಷೇಧಾಜ್ಞೆ), 188ನೇ ಕಲಂ (ಐಪಿಸಿಯಲ್ಲಿ ಅಧಿಕಾರಿಯ ಆದೇಶ ಮೀರುವ ಅಪರಾಧ) ಅಂತಲೇ ಬರೆಯಿರಿ. 2024ರ ಜುಲೈ 1ರಿಂದ ಅವು ಹೊಸ ಸಂಹಿತೆಗಳಲ್ಲಿ 163 ಮತ್ತು 223 ಆಗಿವೆ. ಎರಡನ್ನೂ ಕಲಸಬೇಡಿ.

ಚುನಾಯಿತರು ಎಲ್ಲಿದ್ದರು ಅಂತ ಕೇಳಬೇಕಾದ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. 2020ರ ಮಧ್ಯದಲ್ಲಿ ಗ್ರಾಮ ಪಂಚಾಯಿತಿಗಳ ಅವಧಿ ಮುಗಿಯಿತು. ರೋಗದ ಕಾರಣಕ್ಕೆ ಚುನಾವಣೆ ಮುಂದೆ ಹೋಯಿತು, ಡಿಸೆಂಬರ್ 22 ಮತ್ತು 27ಕ್ಕೆ ನಡೆಯಿತು. ಅಲ್ಲಿಯವರೆಗೆ ಆಡಳಿತಾಧಿಕಾರಿಗಳು. ಕಲಬುರಗಿ ಪಾಲಿಕೆಗೆ ಚುನಾವಣೆ ಆದದ್ದು 2021ರ ಸೆಪ್ಟೆಂಬರ್ 3ಕ್ಕೆ, ಅಷ್ಟೊತ್ತಿಗೆ ಎರಡನೇ ಅಲೆಯೂ ಇಳಿದಿತ್ತು. 2020ರಲ್ಲೇ ಯಾದಗಿರಿ ಕಡೆಯಿಂದ ಮುಂಬೈ, ಪುಣೆಗೆ ದುಡಿಯಲು ಹೋದವರು ಊರಿಗೆ ವಾಪಸ್ ಬಂದರು, ಶಾಲೆಗಳೇ ಕ್ವಾರಂಟೈನ್ ಕೇಂದ್ರಗಳಾದವು. ನರೇಗಾ ಕೂಲಿ 249ರಿಂದ 275 ರೂಪಾಯಿಗೆ ಏರಿದ್ದು ಆ ವರ್ಷವೇ. ಪಂಚಾಯಿತಿಗೆ ಅತಿ ಹೆಚ್ಚು ಕೆಲಸ ಬಿದ್ದ ವರ್ಷದಲ್ಲೇ ಎಷ್ಟೋ ತಿಂಗಳು ಅಲ್ಲಿ ಸದಸ್ಯರೇ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದು, ಆದರೆ ಗೈಡ್‌ಗಳಲ್ಲಿ ಇದಕ್ಕೆ ಒಂದು ಸಾಲೂ ಇರುವುದಿಲ್ಲ.

ಈಗ ಪೇಟೆಗೆ ಬರೋಣ. ಎಷ್ಟು ದಿನ ಮುಚ್ಚಿತ್ತು ಅಂತ ಲೆಕ್ಕ ಹಾಕುವವರೇ ಜಾಸ್ತಿ. ಯಾವ ದಿನ ಮುಚ್ಚಿತ್ತು ಅಂತ ನೋಡಿ. ದೇಶದ ಲಾಕ್‌ಡೌನ್‌ನ ಮೊದಲ ದಿನ 2020ರ ಮಾರ್ಚ್ 25, ಅವತ್ತೇ ಯುಗಾದಿ. ರಂಜಾನ್ ತಿಂಗಳು ಏಪ್ರಿಲ್ ಕೊನೆಗೆ ಶುರುವಾಗಿ ಮೇ ಕೊನೆಯವರೆಗೆ ಇತ್ತು, ಮದುವೆ ಸೀಸನ್ ಕೂಡ ಅದೇ ಹೊತ್ತು. ನಮ್ಮ ಕಡೆ ಬಟ್ಟೆ, ಬಳೆ, ಚಪ್ಪಲಿ, ಪಾತ್ರೆ ಅಂಗಡಿಯವರು ಈ ಮೂರು ತಿಂಗಳಿಗಾಗಿಯೇ ಹೈದರಾಬಾದ್, ಸೊಲ್ಲಾಪುರದಿಂದ ಉದ್ರಿ ಮೇಲೆ ಮಾಲು ತಂದು ತುಂಬಿಸಿಕೊಳ್ಳುತ್ತಾರೆ. ಮಾಲು ರ‍್ಯಾಕಿನಲ್ಲೇ ಉಳಿಯಿತು, ಉದ್ರಿ ಕೊಟ್ಟವರ ಫೋನ್ ನಿಲ್ಲಲಿಲ್ಲ. ಮರುವರ್ಷವೂ ಅದೇ ಕತೆ. 2021ರ ಏಪ್ರಿಲ್ 10ರಿಂದ ಬೆಂಗಳೂರು, ಮೈಸೂರು, ಮಂಗಳೂರು ಜೊತೆಗೆ ಕಲಬುರಗಿ, ಬೀದರ್‌ಗೂ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಕರ್ಫ್ಯೂ ಬಂತು. ಕಾಗದದ ಮೇಲೆ ಇದು ಸಣ್ಣ ಆದೇಶ, ರಾತ್ರಿ ಹತ್ತರ ಮೇಲೆ ಎಷ್ಟು ವ್ಯಾಪಾರ ಆಗುತ್ತದೆ ಅನ್ನಬಹುದು. ಆದರೆ ನಾಲ್ಕೇ ದಿನಕ್ಕೆ ರಂಜಾನ್ ಶುರುವಾಯಿತು. ಉಪವಾಸ ಬಿಟ್ಟು, ನಮಾಜ್ ಮುಗಿಸಿ ಜನ ಪೇಟೆಗೆ ಬರುವ ಹೊತ್ತಿಗೇ ಅಂಗಡಿ ಬಾಗಿಲು ಎಳೆಯಬೇಕು. ತಹರಿ (ಮಸಾಲೆ ಅನ್ನ) ಮಾಡುವವರಿಗೆ, ಅತ್ತರ್ ಮಾರುವವರಿಗೆ ರಾತ್ರಿಯೇ ಹಗಲು. ಅವರಿಗೆ ಅದು ಪೂರ್ತಿ ಬಂದ್ ಆದಂತೆಯೇ.

ಗಂಟೆಗಳ ವಿಷಯಕ್ಕೆ ಇನ್ನೊಂದು. 2021ರ ಏಪ್ರಿಲ್ ಕೊನೆಯಿಂದ ಅಗತ್ಯ ವಸ್ತುಗಳಿಗೆ ಬೆಳಿಗ್ಗೆ ಆರರಿಂದ ಹತ್ತು ಅಂತ ಸಮಯ ಕೊಟ್ಟರು. ದಿನವಿಡೀ ಹರಡಿಕೊಂಡು ಬರುತ್ತಿದ್ದ ಗಿರಾಕಿಗಳು ನಾಲ್ಕೇ ಗಂಟೆಯಲ್ಲಿ ನುಗ್ಗಿದರು. ಗುಂಪು ತಪ್ಪಿಸಲು ತಂದ ನಿಯಮವೇ ಗುಂಪು ಸೇರಿಸಿತು ಅಂತ ನನಗನ್ನಿಸುತ್ತದೆ. ತರಕಾರಿಯವರ ಕಷ್ಟ ಬೇರೆ: ಒಂಬತ್ತೂವರೆ ಆದರೆ ಸಾಕು, ಪುಂಡಿಪಲ್ಲೆ, ಮೆಂತ್ಯದ ಕಟ್ಟಿಗೆ ಗಿರಾಕಿ ಹೇಳಿದ್ದೇ ರೇಟು. ಹತ್ತಕ್ಕೆ ಸೀಟಿ ಊದುತ್ತಾರೆ, ಹೊರಗೆ ನಲವತ್ತು ಡಿಗ್ರಿ ಬಿಸಿಲು, ಸೊಪ್ಪು ನಾಳೆಗೆ ಉಳಿಯಲ್ಲ.

ತೊಗರಿ ಇದಕ್ಕೆ ತದ್ವಿರುದ್ಧ. ಕೊಯ್ಲು ಡಿಸೆಂಬರ್, ಜನವರಿ ಸುಮಾರಿಗೆ ಆಗಿರುತ್ತದೆ, ಮಾರ್ಚ್ ಹೊತ್ತಿಗೆ ಕಾಳು ಚೀಲ ಸೇರಿರುತ್ತದೆ. ಬೇಳೆ ಅಗತ್ಯ ವಸ್ತು, ಹಾಗಾಗಿ ದಾಲ್ ಮಿಲ್ಲಿಗೆ ಅವಕಾಶ ಇತ್ತು. ಆದರೆ ಹಮಾಲರು ಬರಬೇಕು, ಲಾರಿ ಓಡಬೇಕು, ಡ್ರೈವರಿಗೆ ದಾರಿಯಲ್ಲಿ ಊಟ ಸಿಗಬೇಕು. ಆದೇಶದಲ್ಲಿ "ವಿನಾಯಿತಿ ಇದೆ" ಅಂದ ಮಾತ್ರಕ್ಕೆ ವ್ಯಾಪಾರ ನಡೆಯುತ್ತದೆ ಅಂತಲ್ಲ. ಖಾನಾವಳಿಗಳೂ ಹಾಗೇ. ಪಾರ್ಸೆಲ್‌ಗೆ ಬಿಟ್ಟಿದ್ದರು, ಸರಿ. ಆದರೆ ತಿಂಗಳ ಲೆಕ್ಕಕ್ಕೆ ಉಣ್ಣುವ ಹುಡುಗರೆಲ್ಲ ಹಾಸ್ಟೆಲ್, ರೂಮ್ ಖಾಲಿ ಮಾಡಿ ಊರಿಗೆ ಹೋದ ಮೇಲೆ ರೊಟ್ಟಿ ಬಡಿದು ಯಾರಿಗೆ ಕಟ್ಟಿಕೊಡುವುದು?

ಗಡಿಯನ್ನು ಮರೆಯಬೇಡಿ. ನಮ್ಮ ಜಿಲ್ಲೆಯ ದೇವಲ ಗಾಣಗಾಪುರದ ದತ್ತಾತ್ರೇಯನ ಭಕ್ತರಲ್ಲಿ ಮಹಾರಾಷ್ಟ್ರದವರು ಬಹಳ. 2021ರಲ್ಲಿ ಅಲ್ಲಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಕಡ್ಡಾಯವಾದಾಗ, ಗಾಣಗಾಪುರದ ಹೂವು, ತೆಂಗಿನಕಾಯಿ, ಲಾಡ್ಜ್ ವ್ಯಾಪಾರ ನಿಂತದ್ದು ಗಡಿಯ ಚೆಕ್‌ಪೋಸ್ಟಿನಲ್ಲಿ.

ಪರಿಹಾರದ ಬಗ್ಗೆ ಬೇಗ ಹೇಳುತ್ತೇನೆ. ರಿಸರ್ವ್ ಬ್ಯಾಂಕ್ ಸಾಲದ ಕಂತು ಮುಂದೂಡಲು 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಅವಕಾಶ ಕೊಟ್ಟಿತು, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ರಾಜ್ಯದ 1,610 ಕೋಟಿ ರೂಪಾಯಿ ಪ್ಯಾಕೇಜಿನಲ್ಲಿ ಕ್ಷೌರಿಕರು, ಅಗಸರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಸಲಕ್ಕೆ 5,000 ರೂಪಾಯಿ. ಬೀದಿ ಬದಿ ವ್ಯಾಪಾರಿಗಳಿಗೆ ಜೂನ್ 2020ರಿಂದ ಪಿಎಂ ಸ್ವನಿಧಿ ಸಾಲ ಯೋಜನೆ, ಮೊದಲ ಸಾಲ ಆಗ 10,000 ರೂಪಾಯಿ ಇತ್ತು, ಸಕಾಲಕ್ಕೆ ಕಟ್ಟಿದರೆ ಬಡ್ಡಿಯಲ್ಲಿ ಶೇ. 7 ವಾಪಸ್. ಕೇಂದ್ರವೇ ಗ್ಯಾರಂಟಿ ನಿಂತ ಸಾಲ ಇದ್ದದ್ದು ಮೊದಲೇ ಬ್ಯಾಂಕ್ ಸಾಲ ಇದ್ದವರಿಗೆ, ಉದ್ರಿಯಲ್ಲೇ ಬದುಕುವ ಅಂಗಡಿಯವರಿಗೆ ಅದು ದಕ್ಕುವುದು ಕಷ್ಟವಿತ್ತು.

ಪಾಲಿಕೆಯ ನಿಜವಾದ ಅಧಿಕಾರ ಕಾಣುವುದು ಇಲ್ಲೇ. ಸ್ವನಿಧಿಗೆ ವ್ಯಾಪಾರಿಯ ಗುರುತಿನ ಚೀಟಿ ಇಲ್ಲವೇ ಮಾರಾಟ ಪ್ರಮಾಣಪತ್ರ ಬೇಕು. ಅದು ಕೈಗೆ ಬರುವುದು ಬೀದಿ ವ್ಯಾಪಾರಿಗಳ 2014ರ ಕಾಯ್ದೆಯ ಪ್ರಕಾರ ಸಮೀಕ್ಷೆ ನಡೆದಿದ್ದರೆ. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರು ಪಾಲಿಕೆಯಿಂದ ಶಿಫಾರಸು ಪತ್ರ ತರಬೇಕು. 2020ರಲ್ಲಿ ಯೋಜನೆ ಶುರುವಾದಾಗ, ಆ ವರ್ಷದ ಮಾರ್ಚ್ 24ಕ್ಕೆ ಅಥವಾ ಅದಕ್ಕೂ ಮೊದಲೇ ವ್ಯಾಪಾರ ಮಾಡುತ್ತಿದ್ದೆ ಅಂತ ತೋರಿಸಬೇಕಿತ್ತು. ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುವವರು ಯಾವ ರಸೀದಿ ಇಟ್ಟಿರುತ್ತಾರೆ ಹೇಳಿ? ಅದಕ್ಕೇ ಈ ಪ್ರಶ್ನೆಗೆ ಉತ್ತರ ಬರೆಯುವಾಗ ಕೊನೆಯ ಅರ್ಧ ಪುಟವನ್ನು ಲಾಕ್‌ಡೌನ್ ಆದೇಶಗಳಿಗೆ ಕೊಡದೆ 2014ರ ಕಾಯ್ದೆಯಡಿ ಈ ಸಮೀಕ್ಷೆ ನಡೆಸುವ ಪಟ್ಟಣ ಮಾರಾಟ ಸಮಿತಿಗೆ, ಅದರ ಸಮೀಕ್ಷೆಗೆ ಕೊಡಿ. ಹದಿನೈದು ಅಂಕದ ಪ್ರಶ್ನೆಯಾದರೆ ಆ ಭಾಗಕ್ಕೇ ಐದು ಅಂಕ ಕೇಳಬಹುದು.